ಪ್ರಭುವಿನ ಹೆಸರಿದೆ, ಪ್ರಜೆಯ ಲೆಕ್ಕವೆಲ್ಲಿ?

ಪ್ರತಿ ವರ್ಷ ಜೂನ್ 27 ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ವೇದಿಕೆಗಳ ಮೇಲೆ ಒಂದೇ ಭಾಷಣ ಕೇಳಿಬರುತ್ತದೆ. ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು, ಕೆರೆ ತೋಡಿಸಿದರು, ಪೇಟೆ ಹಾಕಿಸಿದರು, ಗುಡಿ ಎತ್ತಿಸಿದರು, ಎಲ್ಲ ಜಾತಿಯ ಕಸುಬುದಾರರಿಗೂ ನೆಲೆ ಕೊಟ್ಟರು. ಅಲ್ಲಿಗೆ ಚರಿತ್ರೆ ಮುಗಿಯಿತು. 2017ರಿಂದ ಸರ್ಕಾರವೇ ಜಯಂತಿ ಆಚರಿಸುತ್ತಿದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 108 ಅಡಿ ಎತ್ತರದ ಪ್ರತಿಮೆಯೂ ನಿಂತಿತು. ಪ್ರತಿಮೆ ನಿಂತದ್ದಕ್ಕಾಗಲಿ ಜಯಂತಿ ನಡೆಯುವುದಕ್ಕಾಗಲಿ ನನ್ನ ವಿರೋಧವಿಲ್ಲ. ಆ ಭಾಷಣ ನಮ್ಮ ಮಕ್ಕಳಿಗೆ ಕಲಿಸುತ್ತಿರುವ ಚರಿತ್ರೆಗೆ ನನ್ನ ವಿರೋಧವಿದೆ. ಹದಿನಾರು, ಹದಿನೇಳನೆಯ ಶತಮಾನಗಳ ಈ ಸೀಮೆಯಲ್ಲಿ ಬಾಳಿದ, ದುಡಿದ, ತೆರಿಗೆ ಕಟ್ಟಿದ, ಊರು ಬಿಟ್ಟು ಓಡಿದ ಜನರೆಲ್ಲ ಆ ಭಾಷಣದಲ್ಲಿ ಒಬ್ಬ ಪ್ರಭುವಿನ ಕೊಡುಗೆಯನ್ನು ಕೈಯೊಡ್ಡಿ ಪಡೆದವರು ಮಾತ್ರ. ಇದು ಸುಳ್ಳು ಚರಿತ್ರೆ.

ಎಲ್ಲವೂ ಪ್ರಭುವಿನ ಕೊಡುಗೆ ಎಂಬ ಅಭಿಪ್ರಾಯ ಬಲವಾಗಿ ಬೇರೂರಿದ್ದಕ್ಕೆ ಒಂದು ಕಾರಣವಿದೆ, ಅದನ್ನು ಮೊದಲು ನ್ಯಾಯವಾಗಿ ಒಪ್ಪಬೇಕು. ಬ್ರಿಟಿಷ್ ಅಧಿಕಾರಿಗಳು ಬರೆದ ಚರಿತ್ರೆಯಲ್ಲಿ ಕೆಂಪೇಗೌಡರಂಥ ಪಾಳೆಯಗಾರನೆಂದರೆ ದಂಗೆಕೋರ, ಸುಲಿಗೆಕೋರ. ದುರ್ಗದ ಮೇಲೆ ಕೂತು ಕೆಳಗಿನ ಹಳ್ಳಿಗಳನ್ನು ಹಿಂಡುವವನು. ಕಂಪನಿ ಸರ್ಕಾರ ಬಂದ ಮೇಲಷ್ಟೇ ನೆಮ್ಮದಿ ಬಂತೆಂದು ತೋರಿಸಲು ಅವರಿಗೆ ಆ ಚಿತ್ರ ಬೇಕಿತ್ತು. ಸ್ವಾತಂತ್ರ್ಯದ ನಂತರ ನಮ್ಮವರು ಅದನ್ನು ತಿರಸ್ಕರಿಸಿ, ನಮ್ಮ ಪ್ರಭುಗಳು ಕಟ್ಟಿದವರು, ಕೆಡವಿದವರಲ್ಲ ಎಂದು ಎದೆತಟ್ಟಿ ಹೇಳಿದರು. ಹೇಳಬೇಕಾದ ಮಾತೇ ಅದು. ಆದರೆ ಎರಡು ಚಿತ್ರಗಳ ನಡುವೆ ಒಬ್ಬನೇ ಮನುಷ್ಯ ನಿಂತಿದ್ದಾನೆ. ಅವರು ಪ್ರಭುವಿನ ಅವಗುಣ ಬರೆದರು, ನಾವು ಗುಣ ಬರೆದೆವು. ರೈತ, ಒಡ್ಡ, ಕಮ್ಮಾರ, ನೇಯ್ಗೆಯವ, ನೀರುಗಂಟಿ ಅವರ ಪುಸ್ತಕದಲ್ಲೂ ಹೊರಗಿದ್ದರು, ನಮ್ಮ ಭಾಷಣದಲ್ಲೂ ಹೊರಗಿದ್ದಾರೆ.

ಮೊದಲು ಕೆರೆಯನ್ನೇ ತೆಗೆದುಕೊಳ್ಳೋಣ. 'ಕೆಂಪೇಗೌಡರು ಕೆರೆ ಕಟ್ಟಿಸಿದರು' ಎಂಬ ಮಾತು ಕೆರೆ ಎಂದರೇನೆಂದು ಬಲ್ಲವರಿಗೆ ಅರ್ಧ ಮಾತು. ನಮ್ಮ ಸೀಮೆಯ ಕೆರೆ ಒಂದು ಗುಂಡಿಯಲ್ಲ. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಬೇಕು. ಏರಿಯ ಒಳಮೈಗೆ ಕಲ್ಲು ಕಟ್ಟಬೇಕು. ತೂಬು ಇಡಬೇಕು, ನೀರೊಳಗೆ ನಿಂತ ಎರಡು ಕಲ್ಲುಗಂಬಗಳ ನಡುವೆ ಕೋಲನ್ನೆತ್ತಿದರೆ ತೂತು ತೆರೆಯುತ್ತದೆ, ಇಳಿಸಿದರೆ ಮುಚ್ಚುತ್ತದೆ. ಏರಿ ಒಡೆಯದ ಹಾಗೆ ಹೆಚ್ಚಾದ ನೀರು ಹರಿದುಹೋಗಲು ಕೋಡಿ ಬಿಡಬೇಕು. ಆ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ ಹೋಗಬೇಕು, ಅದರ ಕೋಡಿ ಇನ್ನೂ ಕೆಳಗಿನ ಕೆರೆಗೆ. ಅರ್ಕಾವತಿ, ಕಣ್ವ, ಶಿಂಷಾ ಹೊಳೆಗಳ ಬಯಲಲ್ಲಿ ಇಂದಿಗೂ ಕಾಣುವ ಕೆರೆಗಳ ಸರಣಿ ಹೀಗೆ ಬೆಳೆದದ್ದು. ಮೇಲಿನ ಊರಿಗೂ ಕೆಳಗಿನ ಊರಿಗೂ ಒಪ್ಪಂದವಿಲ್ಲದೆ ಇಂಥ ಸರಣಿ ಒಂದು ಮಳೆಗಾಲವೂ ಉಳಿಯುವುದಿಲ್ಲ.

ಕಟ್ಟಿದ ಮೇಲಿನ ಕೆಲಸ ಕಟ್ಟುವುದಕ್ಕಿಂತ ದೊಡ್ಡದು. ತೂಬಿನ ಕೋಲನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಸರದಿ ಯಾರದು, ಬರ ಬಂದ ವರ್ಷ ಯಾರ ಗದ್ದೆ ಒಣಗಬೇಕು ಎಂಬುದನ್ನು ಕಾಲುವೆಯ ಬದಿಯಲ್ಲಿ ನಿಂತು ತೀರ್ಮಾನಿಸುತ್ತಿದ್ದವನು ನೀರುಗಂಟಿ. ಅವನಿಗೆ ಸಂಬಳ ಬರುತ್ತಿದ್ದದ್ದು ಕಣದಲ್ಲಿ, ಬೆಳೆ ಬಂದಾಗ, ಒಕ್ಕಲಿಗನ ರಾಶಿಯಿಂದ. ತೋಟಿ, ತಳವಾರ, ಬಡಗಿ, ಕಮ್ಮಾರ, ಅಗಸ, ಕುಂಬಾರ ಎಲ್ಲರೂ ಆಯಗಾರರಾಗಿ ಅದೇ ರಾಶಿಯ ಪಾಲುದಾರರು. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಸಾಗಿಸುತ್ತಿದ್ದವರೂ ಊರಿನವರೇ. ಕೆರೆ ಕಟ್ಟಿದವನಿಗೆ, ಒಡೆದ ಕೆರೆಯನ್ನು ಮತ್ತೆ ಕಟ್ಟಿಕೊಟ್ಟವನಿಗೆ ಅಚ್ಚುಕಟ್ಟಿನಲ್ಲಿ ತೆರಿಗೆಯಿಲ್ಲದ ಭೂಮಿ ಬಿಡುವ ಕಟ್ಟುಕೊಡುಗೆ, ದಶವಂದ ಎಂಬ ಏರ್ಪಾಡುಗಳು ಹಳೇ ಮೈಸೂರು ಸೀಮೆಯ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಆ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಾಗಿ ಊರಗೌಡರಿದ್ದಾರೆ, ಸೆಟ್ಟರಿದ್ದಾರೆ, ಸೂಳೆಯರಿದ್ದಾರೆ, ಬ್ರಾಹ್ಮಣರಿದ್ದಾರೆ. ಪ್ರಭು ಅನುಮತಿ ಕೊಟ್ಟ, ಭೂಮಿ ಬಿಟ್ಟ, ಕೆಲವೊಮ್ಮೆ ಹಣವನ್ನೂ ಹಾಕಿದ. ಕೆರೆಯನ್ನು ಬದುಕಿಸಿದ್ದು ಊರು.

ಮಣ್ಣು ಹೊತ್ತವರ ಹೆಸರಂತೂ ಯಾವ ಕಲ್ಲಿನ ಮೇಲೂ ಇಲ್ಲ. ಊರಿಂದೂರಿಗೆ ಹೆಂಡತಿ ಮಕ್ಕಳೊಂದಿಗೆ ಸಾಗಿ, ಬಿಡಾರ ಹೂಡಿ, ಏರಿ ಹಾಕಿದ ಮಣ್ಣೊಡ್ಡರು ಮತ್ತು ಕಲ್ಲು ಸೀಳಿದ ಕಲ್ಲೊಡ್ಡರು ನಮ್ಮ ಜಯಂತಿಯ ಭಾಷಣಗಳಲ್ಲಿ ಒಂದು ವಾಕ್ಯಕ್ಕೂ ಅರ್ಹರಾಗಿಲ್ಲ. ಜನಪದರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು. ಬೆಂಗಳೂರಿನ ಕೋಟೆಬಾಗಿಲು ನಿಲ್ಲಲೆಂದು ಕೆಂಪೇಗೌಡರ ಸೊಸೆ ಲಕ್ಷ್ಮಿದೇವಿ ಪ್ರಾಣ ಕೊಟ್ಟಳೆಂಬ ಕಥೆಯನ್ನು ಅವರು ಕಾಪಾಡಿಕೊಂಡು ಬಂದಿದ್ದಾರೆ. ಕೆರೆಗೆ ಹಾರವಾದ ಭಾಗೀರಥಿಯ ಹಾಡು ಇಡೀ ಕನ್ನಡ ನಾಡಿಗೆ ಗೊತ್ತು. ನಡೆದದ್ದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ದೊಡ್ಡ ಕಟ್ಟಡ ಯಾರದೋ ಬದುಕನ್ನು ಬೆಲೆಯಾಗಿ ತೆಗೆದುಕೊಳ್ಳುತ್ತದೆ, ಆ ಬೆಲೆ ತೆತ್ತವರು ಮನೆಯ ಅತ್ಯಂತ ದುರ್ಬಲರು ಎಂಬ ತಿಳಿವಳಿಕೆ ಆ ಕಥೆಗಳಲ್ಲಿದೆ. ನಮ್ಮ ಭಾಷಣಗಳಲ್ಲಿ ಅದಿಲ್ಲ.

ಇನ್ನು ಹಣದ ಮಾತು. ವಿಜಯನಗರದ ಅಚ್ಯುತರಾಯ ಹಲಸೂರು, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕೆಂಗೇರಿ, ಕುಂಬಳಗೋಡು ಮೊದಲಾದ ಹಳ್ಳಿಗಳನ್ನು, ವರ್ಷಕ್ಕೆ 30,000 ವರಹ ಹುಟ್ಟುವಳಿಯ ಸೀಮೆಯನ್ನು, ಕೆಂಪೇಗೌಡರಿಗೆ ಬಿಟ್ಟುಕೊಟ್ಟನೆಂದು ಲೂಯಿ ರೈಸ್ ತನ್ನ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ನಾವು ಇದನ್ನು ರಾಯನ ಔದಾರ್ಯವೆಂದು ಓದುತ್ತೇವೆ. ಆದರೆ ರಾಯ ತನ್ನ ಬೊಕ್ಕಸದಿಂದ ಒಂದು ವರಹವನ್ನೂ ತೆಗೆದುಕೊಡಲಿಲ್ಲ. ಅವನು ಕೊಟ್ಟದ್ದು ವಸೂಲಿಯ ಹಕ್ಕು. 30,000 ವರಹ ಬರಬೇಕಾದದ್ದು ಬೇಗೂರಿನ ಗದ್ದೆಯಿಂದ, ವರ್ತೂರಿನ ಅಚ್ಚುಕಟ್ಟಿನಿಂದ, ಕೆಂಗೇರಿಯ ಹೊಲದಿಂದ. ಹೊಸ ಪೇಟೆಯ ಮೊದಲ ಬಂಡವಾಳ ಸುತ್ತಲಿನ ಹಳ್ಳಿಗಳ ರಾಗಿ, ಭತ್ತ, ದುಡಿಮೆ.

ಆ ಕಾಲದ ತೆರಿಗೆ ಎಷ್ಟು ಬಗೆಯದಿತ್ತೆಂದು ತಿಳಿಯಲು ಮನ್ನಾ ಮಾಡಿದ ಶಾಸನಗಳನ್ನು ನೋಡಿದರೆ ಸಾಕು. ಮಗ್ಗಕ್ಕೆ ತೆರೆ, ಗಾಣಕ್ಕೆ ತೆರೆ, ಕುರಿಗೆ ತೆರೆ, ಸಂತೆಗೆ ಸುಂಕ. ಮದುವೆಗೂ ಸುಂಕವಿತ್ತು, ಕೃಷ್ಣದೇವರಾಯನ ಕಾಲದಲ್ಲಿ ಹಲವು ಸೀಮೆಗಳಲ್ಲಿ ಅದನ್ನು ಬಿಟ್ಟುಕೊಟ್ಟರು. ಸದಾಶಿವರಾಯನ ಆಳ್ವಿಕೆಯಲ್ಲಿ ಬಾದಾಮಿಯ ಕೊಂಡೋಜನೆಂಬ ಕ್ಷೌರಿಕ ರಾಮರಾಯನ ಮೆಚ್ಚುಗೆ ಗಳಿಸಿ ತನ್ನ ಕಸುಬಿನವರ ಮೇಲಿನ ತೆರಿಗೆಯನ್ನು ತೆಗೆಸಿದ. ಆ ಸುದ್ದಿಯನ್ನು ನಾಡಿನ ಹಲವೆಡೆ ಕಲ್ಲಿನ ಮೇಲೆ ಕೆತ್ತಿಸಿದರು. ಒಬ್ಬ ಕ್ಷೌರಿಕನ ಹೆಸರು ಹೀಗೆ ಕಲ್ಲಿನಲ್ಲಿ ಉಳಿಯುವಷ್ಟು ಆ ತೆರಿಗೆ ಭಾರವಾಗಿತ್ತು ಎಂದೇ ಅರ್ಥ. ಕೆಂಪೇಗೌಡರು ಆಳಿದ್ದು ಇದೇ ರಾಜ್ಯದ ಒಳಗೆ, ಇದೇ ತೆರಿಗೆಯ ಕಟ್ಟಿನಲ್ಲಿ. ಹೀಗಿರುವಾಗ ಅವರ ಕಾಲದ ಪ್ರಜೆ ಕಟ್ಟಿದ್ದೇನು, ಪಡೆದದ್ದೇನು ಎಂದು ಕೇಳುವುದು ಅವರಿಗೆ ಅವಮಾನ ಮಾಡಿದಂತೆ ಹೇಗಾಗುತ್ತದೆ?

ನಾಣ್ಯದ ಪ್ರಸಂಗವೂ ಹೀಗೇ. ಕೆಂಪೇಗೌಡರು ಅಪ್ಪಣೆಯಿಲ್ಲದೆ ಟಂಕಸಾಲೆ ತೆರೆದು ಭೈರವದೇವರ ಹೆಸರಿನ ವರಹ ಹೊಡೆಸಿದರು, ವಿಜಯನಗರದ ರಾಯ ಅವರನ್ನು ಕರೆಸಿ ಐದು ವರ್ಷ ಸೆರೆಯಲ್ಲಿಟ್ಟ, ದಂಡ ತೆತ್ತು ಬಿಡುಗಡೆಯಾದರು ಎಂಬ ಕಥೆಯನ್ನು ನಾವು ಸ್ವಾಭಿಮಾನದ ಕಥೆಯಾಗಿ ಹೇಳುತ್ತೇವೆ. ಅದರ ಆರ್ಥಿಕ ತಿರುಳನ್ನು ಯಾರೂ ಮುಟ್ಟುವುದಿಲ್ಲ. ಪೇಟೆಯಲ್ಲಿ ವ್ಯಾಪಾರ ಕುದುರಿ ನಾಣ್ಯ ಸಾಲದೆ ಬಂದಾಗ, ಇಲ್ಲವೇ ಟಂಕಸಾಲೆಯ ಲಾಭ ತನ್ನಲ್ಲೇ ಉಳಿಯಲೆಂದು ಬಯಸಿದಾಗ ಪ್ರಭುವೊಬ್ಬ ನಾಣ್ಯ ಹೊಡೆಸುತ್ತಾನೆ. ಐದು ವರ್ಷ ಪ್ರಭು ಸೆರೆಯಲ್ಲಿದ್ದರೆ ಆ ಐದು ವರ್ಷ ಸೀಮೆಯಲ್ಲಿ ವಸೂಲಿ ಮಾಡಿದವರು ಯಾರು, ದಂಡದ ಹಣ ಯಾರ ಕಣದಿಂದ ಎದ್ದಿತು? ಈ ಪ್ರಶ್ನೆ ಕೇಳಿದ ಭಾಷಣವನ್ನು ನಾನು ಕೇಳಿಲ್ಲ. ಅಷ್ಟೇ ಅಲ್ಲ, ಜಫ್ತಿಯಾದ ಸೀಮೆಯನ್ನು ಚನ್ನಪಟ್ಟಣದ ಜಗದೇವರಾಯನಿಗೆ ಸೇರಿಸಿದರೆಂದೂ ರೈಸ್ ಬರೆಯುತ್ತಾನೆ. ಅದೇ ಗೆಜೆಟಿಯರಿನ ಪ್ರಕಾರ ಜಗದೇವರಾಯ ಚನ್ನಪಟ್ಟಣದ ಕೋಟೆ ಕಟ್ಟಿದ್ದು 1580ರ ಸುಮಾರಿಗೆ. ಹಿರಿಯ ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ ಎಂದು ನಾವೇ ಹೇಳುತ್ತೇವೆ. ಎರಡೂ ಹೊಂದುವುದಿಲ್ಲ. ಹೊಂದದ ಕಾಲಗಣನೆಯನ್ನು ವರ್ಷ ವರ್ಷ ಮೈಕಿನಲ್ಲಿ ಒಪ್ಪಿಸುತ್ತೇವೆ, ಯಾಕೆಂದರೆ ಆ ಕಥೆಯಿಂದ ನಮಗೆ ಬೇಕಾದದ್ದು ಅಭಿಮಾನ ಮಾತ್ರ.

ಪ್ರಜೆಯ ಲೆಕ್ಕ ಹೇಗೆ ಹಾಕಬಹುದೆಂದು ತಿಳಿಯಲು ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏನಾಗುತ್ತಿತ್ತೆಂದು ನೋಡಬೇಕು. ಅಲ್ಲಿ ಟ್ಯೂಡರ್ ಮನೆತನ ಆಳುತ್ತಿತ್ತು. ಕೆಂಪೇಗೌಡರ ಸಮಕಾಲೀನ ಎಂಟನೇ ಹೆನ್ರಿ 1509ರಿಂದ 1547ರವರೆಗೆ ದೊರೆ. ಯುದ್ಧದ ಖರ್ಚಿಗೆಂದು ಅವನು 1544ರಿಂದ ಬೆಳ್ಳಿ ನಾಣ್ಯದಲ್ಲಿ ತಾಮ್ರ ಬೆರೆಸುತ್ತ ಹೋದ. 1551ರ ಹೊತ್ತಿಗೆ ನಾಣ್ಯ ನಂಬುವ ಹಾಗಿರಲಿಲ್ಲ, ಬೆಲೆಗಳು ಏರಿದ್ದವು. ಮಠಗಳ ಭೂಮಿಯನ್ನು 1536ರಿಂದ 1540ರೊಳಗೆ ಅರಮನೆ ಕಿತ್ತುಕೊಂಡು ಮಾರಿತು. ಜಮೀನ್ದಾರರು ಊರ ಗೋಮಾಳಕ್ಕೆ ಬೇಲಿ ಹಾಕಿ ಉಣ್ಣೆಗಾಗಿ ಕುರಿ ಬಿಟ್ಟರು. 1549ರಲ್ಲಿ ನಾರ್ಫೋಕ್ ಸೀಮೆಯ ರೈತರು ರಾಬರ್ಟ್ ಕೆಟ್ ಎಂಬವನ ಮುಂದಾಳ್ತನದಲ್ಲಿ ಆ ಬೇಲಿಗಳನ್ನು ಕಿತ್ತು ಬಂಡೆದ್ದರು. 1601ರಲ್ಲಿ, ಎಲಿಜಬೆತ್ ರಾಣಿಯ ಕಾಲದಲ್ಲಿ, ದಿಕ್ಕಿಲ್ಲದ ಬಡವರನ್ನು ಆಯಾ ಊರೇ ಸಾಕಬೇಕೆಂಬ ಕಾಯಿದೆ ಬಂತು. ನಮ್ಮ ಪದವಿ ತರಗತಿಗಳ ಮಕ್ಕಳು ಇವನ್ನೆಲ್ಲ ಪರೀಕ್ಷೆಗೆ ಬರೆಯಬಲ್ಲರು. 1549ರಲ್ಲಿ ಮಾಗಡಿಯ ರೈತ ಏನು ಬೆಳೆದ, ಎಷ್ಟು ಕಟ್ಟಿದ ಎಂದು ಕೇಳಿದರೆ ಪಾಠ ಹೇಳುವವರಿಗೂ ಗೊತ್ತಿಲ್ಲ.

ಇಂಗ್ಲಿಷರು ಹೆನ್ರಿಯನ್ನು ಮರೆತವರಲ್ಲ. ಅವನ ಮದುವೆಗಳ ಕಥೆ ಅವರಿಗೆ ಇಂದಿಗೂ ಹಬ್ಬ. ಅದರ ಜೊತೆಗೇ ಅವರು ಲೆಕ್ಕ ಹಾಕಿದರು. ಆರ್. ಎಚ್. ಟಾನಿ 1912ರಲ್ಲೇ ಹದಿನಾರನೆಯ ಶತಮಾನದ ರೈತರ ಭೂಮಿಯ ಪ್ರಶ್ನೆಯ ಬಗ್ಗೆ ಇಡೀ ಪುಸ್ತಕ ಬರೆದ. ಚರ್ಚುಗಳಲ್ಲಿ ಹುಟ್ಟು, ಮದುವೆ, ಸಾವಿನ ದಾಖಲೆ ಇಡಬೇಕೆಂದು 1538ರಲ್ಲಿ ಆಜ್ಞೆಯಾಗಿತ್ತು. ರಿಗ್ಲಿ ಮತ್ತು ಸ್ಕೋಫೀಲ್ಡ್ ಎಂಬ ವಿದ್ವಾಂಸರು 404 ಊರುಗಳ ಅಂಥ ಪುಸ್ತಕಗಳನ್ನು ಆಧಾರವಾಗಿಟ್ಟುಕೊಂಡು, 1541ರಲ್ಲಿ ಸುಮಾರು 28 ಲಕ್ಷವಿದ್ದ ಇಂಗ್ಲೆಂಡಿನ ಜನಸಂಖ್ಯೆ 1601ಕ್ಕೆ 41 ಲಕ್ಷಕ್ಕೆ ಏರಿತೆಂದು 1981ರಲ್ಲಿ ತೋರಿಸಿಕೊಟ್ಟರು. ಈ ಕೆಲಸದಿಂದ ಹೆನ್ರಿ ಚಿಕ್ಕವನಾಗಲಿಲ್ಲ. ಅವನ ಪ್ರಜೆಗಳು ಕಾಣಿಸಿಕೊಂಡರು.

'ಅವರಿಗೆ ದಾಖಲೆಯಿತ್ತು, ನಮಗಿಲ್ಲ' ಎಂಬುದು ಇದಕ್ಕೆ ಸಿಗುವ ಸಿದ್ಧ ಉತ್ತರ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಚರ್ಚಿನ ಪುಸ್ತಕ ನಮಗಿಲ್ಲ, ನಿಜ. ಆದರೆ ಕಲ್ಲಿದೆ. ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ 1905ರಲ್ಲಿ ಅಚ್ಚಾಯಿತು. ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ (ಈಗಿನ ಕನಕಪುರ) ತಾಲ್ಲೂಕುಗಳ ಶಾಸನಗಳು ಅದರಲ್ಲಿ ಊರೂರಿನ ಹೆಸರಿನೊಂದಿಗೆ ಇವೆ. ಯಾವ ಊರಿನ ಯಾವ ಗದ್ದೆ ಯಾರಿಗೆ, ಎಲ್ಲೆ ಯಾವುದು, ಯಾವ ಸುಂಕ ಬಿಟ್ಟದ್ದು, ಯಾವ ಸುಂಕ ಉಳಿದದ್ದು ಎಂಬುದು ಶಾಸನದ ಒಡಲಿನಲ್ಲಿರುತ್ತದೆ. ನಾವು ಮಾತ್ರ ಶಾಸನದ ಮೊದಲ ನಾಲ್ಕು ಸಾಲಿನಲ್ಲಿ ಬರುವ ರಾಜನ ಬಿರುದನ್ನು ಓದಿ ಪುಸ್ತಕ ಮುಚ್ಚುತ್ತೇವೆ. ಕರ್ನಲ್ ಮೆಕೆಂಜಿ ಹಳ್ಳಿಗಳಲ್ಲಿ ಬರೆಸಿದ ಕೈಫಿಯತ್ತುಗಳಿವೆ. ದುರ್ಗಗಳಿವೆ, ಹಾಳುಬಿದ್ದ ತೂಬುಗಳಿವೆ, ಮಾಸ್ತಿಕಲ್ಲು, ವೀರಗಲ್ಲುಗಳಿವೆ.

1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ದಿನಚರಿಯೂ ಇದೆ. ಎಲಿಜಬೆತ್ ರಾಣಿ 1600ರ ಕೊನೆಯ ದಿನ ಸನ್ನದು ಕೊಟ್ಟ ಕಂಪನಿಯೇ ಇನ್ನೂರು ವರ್ಷದ ನಂತರ ಅವನನ್ನು ಕಳಿಸಿತು. ಗೆದ್ದ ನಾಡಿನಲ್ಲಿ ಏನೇನು ಹುಟ್ಟುತ್ತದೆಂದು ತಿಳಿಯುವ ಸ್ವಾರ್ಥ ಕಂಪನಿಗಿತ್ತು. ಅದೇನೇ ಇರಲಿ, ನಮ್ಮ ಕುಶಲಕರ್ಮಿಗಳ ಕೈಯನ್ನು ಹತ್ತಿರದಿಂದ ನೋಡಿ ಬರೆದವನು ಅವನು. ಮಾಗಡಿಯ ಸುತ್ತ ಮಳೆನೀರು ಹೊತ್ತು ತಂದ ಕಪ್ಪು ಮರಳನ್ನು ತೊಳೆದು, ಇದ್ದಿಲಿನ ಜೊತೆ ಕುಲುಮೆಗಿಟ್ಟು, ತಿದಿ ಒತ್ತಿ ಕಬ್ಬಿಣ ತೆಗೆಯುವವರನ್ನು ಅವನು ಕಂಡ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿಯೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕಾಯಿಸಿ ಉಕ್ಕು ಮಾಡುವ ಮೈಸೂರು ಸೀಮೆಯ ವಿಧಾನವನ್ನು ವಿವರವಾಗಿ ಬರೆದ. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗೆ ಬೇಕಾದ ಸಣ್ಣ ಉಕ್ಕಿನ ತಂತಿ ತಯಾರಾಗಿ ದೂರ ದೂರದ ಊರುಗಳಿಗೆ ಹೋಗುತ್ತಿತ್ತು. ಎಲ್ಲೋ ಯಾರೋ ವೀಣೆ ನುಡಿಸಿದರೆ ಆ ನಾದಕ್ಕೆ ಚನ್ನಪಟ್ಟಣದ ಕೈಯ ಆಸರೆಯಿತ್ತು. ಬಳೆ, ಅರಗಿನ ಸಾಮಾನು, ತಂತಿ ಮಾಡುತ್ತಿದ್ದ ಈ ಊರಿನ ಕಸುಬುದಾರರಲ್ಲಿ ಮುಸ್ಲಿಮರು ಹೆಚ್ಚು. ಶುಕ್ರವಾರಪೇಟೆಯ ಲಬ್ಬೆ ಮತ್ತು ದಾಯರೆ ಜನ ಪಶ್ಚಿಮ ಕರಾವಳಿಯವರೆಗೂ ವ್ಯಾಪಾರ ಮಾಡುತ್ತಿದ್ದರೆಂದು ನಂತರದ ಗೆಜೆಟಿಯರುಗಳು ದಾಖಲಿಸಿವೆ.

1800ರಲ್ಲಿ ಕಂಡದ್ದನ್ನು ಹಾಗೇ ಎತ್ತಿ 1580ಕ್ಕೆ ಇಡಲಾಗದು. ನಡುವೆ ಮೈಸೂರಿನ ಒಡೆಯರು, ಹೈದರ್, ಟಿಪ್ಪು ಬಂದು ಹೋದರು. ಇಂದು ಏಷ್ಯಾದಲ್ಲೇ ದೊಡ್ಡದೆನಿಸಿದ ರಾಮನಗರದ ಗೂಡಿನ ಮಾರುಕಟ್ಟೆಯ ಹಿಂದಿರುವ ರೇಷ್ಮೆ ಕೃಷಿ ಈ ನಾಡಿನಲ್ಲಿ ನೆಲೆಗೊಂಡದ್ದೇ ಟಿಪ್ಪುವಿನ ಕಾಲದಲ್ಲಿ. ಕೆಂಪೇಗೌಡರ ಪ್ರಜೆಗಳಿಗೆ ಹಿಪ್ಪುನೇರಳೆ ತೋಟ ಗೊತ್ತಿರಲಿಲ್ಲ. ಅವರ ಸಾರಿಗೆ ಒಣಮೆಣಸಿನಕಾಯಿ ಕೂಡ ಆಗಷ್ಟೇ, ಪೋರ್ಚುಗೀಸರ ಹಡಗಿನ ಹಿಂದೆ, ಕರಾವಳಿಯಿಂದ ನಿಧಾನವಾಗಿ ಹತ್ತಿ ಬರುತ್ತಿತ್ತು. ಯಾವುದು ಯಾವಾಗ ಬಂತು, ಯಾರ ಬದುಕನ್ನು ಹೇಗೆ ಬದಲಿಸಿತು ಎಂದು ಬಿಡಿಸಿ ಹೇಳುವುದೇ ಚರಿತ್ರೆಕಾರನ ಕೆಲಸ. ಅದನ್ನು ಮಾಡದೆ ಎಲ್ಲವನ್ನೂ ಒಬ್ಬರ ಕಾಲಕ್ಕೆ, ಒಬ್ಬರ ಹೆಸರಿಗೆ ಕಟ್ಟುವುದು ಸೋಮಾರಿತನ.

ಪ್ರಭುಗಳ ನಡುವೆಯೂ ನಾವು ಪಂಕ್ತಿಭೇದ ಮಾಡಿದ್ದೇವೆ. ಚನ್ನಪಟ್ಟಣವನ್ನು ರಾಜಧಾನಿ ಮಾಡಿಕೊಂಡು, ಬಾರಾಮಹಲಿನವರೆಗೆ ಸೀಮೆ ಹೊಂದಿ, 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರಿಗೆ ಸೋಲುವವರೆಗೆ ಆಳಿದ ಜಗದೇವರಾಯನ ಮನೆತನಕ್ಕೆ ಜಯಂತಿಯಿಲ್ಲ. ಕನಕಪುರದ ಕೋಟೆಯನ್ನು ಕಟ್ಟಿಸಿದವನೂ ಅವನೇ ಎಂದು ಗೆಜೆಟಿಯರ್ ಹೇಳುತ್ತದೆ. ಅವನು ತೆಲುಗು ಬಣಜಿಗ. ಇಂದಿನ ಮತದ ಲೆಕ್ಕದಲ್ಲಿ ಅವನಿಗೆ ವಾರಸುದಾರರಿಲ್ಲ. ಯಾವ ಪ್ರಭುವನ್ನು ನೆನೆಯಬೇಕು ಎಂಬುದನ್ನು ಇಂದಿನ ಜಾತಿಬಲ ತೀರ್ಮಾನಿಸುತ್ತಿದ್ದರೆ, ಅದನ್ನು ಚರಿತ್ರೆಯ ಗೌರವ ಎಂದು ಕರೆಯಬಾರದು.

ಕೆಂಪೇಗೌಡರ ಮನೆತನಕ್ಕಾದರೂ ನ್ಯಾಯ ಸಿಕ್ಕಿದೆಯೇ? ಅದೂ ಇಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ, ಷಹಾಜಿ ಅಲ್ಲಿ ಕೂತ. ಕೆಂಪೇಗೌಡರ ಮನೆತನ ಮಾಗಡಿಗೆ ಬಂತು. 1728ರಲ್ಲಿ ಮೈಸೂರಿನ ದಳವಾಯಿ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದು, ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣದ ಸೆರೆಗೆ ಒಯ್ದ. ಲೆಕ್ಕ ಹಾಕಿ: ಬೆಂಗಳೂರಿನಲ್ಲಿ 101 ವರ್ಷ, ಮಾಗಡಿಯಲ್ಲಿ 90 ವರ್ಷ. ಈ 90 ವರ್ಷಗಳಲ್ಲಿ ಅವರ ಕೈಯಲ್ಲಿ ಬೆಂಗಳೂರಿನ ಪೇಟೆಯ ಸುಂಕವಿರಲಿಲ್ಲ. ಕಾಡು, ಬಂಡೆ, ರಾಗಿಹೊಲ, ದನಕರು, ಕಪ್ಪು ಮರಳಿನ ಕಬ್ಬಿಣ, ಇವುಗಳ ಮೇಲೆಯೇ ರಾಜ್ಯ ನಿಲ್ಲಬೇಕಿತ್ತು. ಆ ರಾಜ್ಯ ಮೂರು ತಲೆಮಾರು ಹೇಗೆ ನಿಂತಿತು, ಭೈರವನದುರ್ಗ, ಹುತ್ರಿದುರ್ಗ, ಸಾವನದುರ್ಗಗಳ ಕಾವಲಿಗೆ ಅನ್ನ ಎಲ್ಲಿಂದ ಬಂತು, ಮಾಗಡಿಯ ಸೋಮೇಶ್ವರನ ಗುಡಿಯ ಕಲ್ಲುಕೆಲಸಕ್ಕೆ ಹಣ ಯಾರದು? ಈ ಮನೆತನದ ನಿಜವಾದ ಪರೀಕ್ಷೆ ಇಲ್ಲಿತ್ತು. ನಮ್ಮ ಜನಪ್ರಿಯ ಚರಿತ್ರೆಗೆ ಬೆಂಗಳೂರು ಮಾತ್ರ ಬೇಕು, ಆದ್ದರಿಂದ ಮಾಗಡಿಯ 90 ವರ್ಷ ಒಂದು ಅಡಿಟಿಪ್ಪಣಿ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಹಿರಿಯ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂದ ಮೇಲೆ ನಾಯಕರ ಕಾರುಗಳು ಆ ಊರಿಗೆ ಬಂದವು. ಸಮಾಧಿ ಸಿಗಬೇಕಾಯಿತು, ಊರು ಕಾಣಲು.

2025ರಲ್ಲಿ ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಬೆಂಗಳೂರಿನ ಹೆಸರು ಬಂದರೆ ಬಂಡವಾಳ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎಂಬ ವಾದವಿದೆ. ಜಮೀನು ಮಾರಿದವನಿಗೆ ಬೆಲೆ ಒಂದು ಸಲ ಬರುತ್ತದೆ. ಆದರೆ ಐದು ತಾಲ್ಲೂಕುಗಳನ್ನು ಒಂದು ನಗರದ ದಿಕ್ಕಾಗಿ ಮಾತ್ರ ಗುರುತಿಸುವ ಈ ಮನಸ್ಸು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಈ ನೆಲಕ್ಕೆ ತನ್ನದೇ ಆರ್ಥಿಕ ಚರಿತ್ರೆಯಿದೆ ಎಂಬುದನ್ನು ನಾವು ಕಲಿಸಲಿಲ್ಲ. ಅದರ ಫಲವನ್ನು ಈಗ ಉಣ್ಣುತ್ತಿದ್ದೇವೆ.

ಸಮಾಜ ಸುಧಾರಣೆಯ ವಿಷಯದಲ್ಲೂ ಇದೇ ತಪ್ಪು. ಮೊರಸು ಒಕ್ಕಲಿಗರಲ್ಲಿ ಮಗಳ ಕಿವಿ ಚುಚ್ಚುವ ಶಾಸ್ತ್ರದ ಹೊತ್ತಿಗೆ ತಾಯಿ ಬಂಡಿದೇವರಿಗೆ ಬಲಗೈಯ ಕೊನೆಯ ಎರಡು ಬೆರಳಿನ ತುದಿ ಒಪ್ಪಿಸುವ ಪದ್ಧತಿಯಿತ್ತು. ಕೆಂಪೇಗೌಡರು ಅದನ್ನು ನಿಲ್ಲಿಸಿದರೆಂದು ಹೊಗಳುತ್ತೇವೆ. ಆದರೆ 1810ರಲ್ಲಿ ತನ್ನ ಮೈಸೂರು ಚರಿತ್ರೆಯನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಪದ್ಧತಿ ಇನ್ನೂ ನಡೆಯುತ್ತಿದೆಯೆಂದೇ ಬರೆದ. ಕೆಂಪೇಗೌಡರು ನಿಷೇಧಿಸಿರಬಹುದು, ಅದು ಅವರ ಹಿರಿಮೆಯೇ. ಆದರೆ ಅವರ ನಂತರ ಎರಡು ನೂರು ವರ್ಷಕ್ಕೂ ಮೇಲೆ ಹೆಣ್ಣುಮಕ್ಕಳ ಬೆರಳು ಬೀಳುತ್ತಲೇ ಇತ್ತು. ಕೊನೆಗೆ ಬೆರಳಿನ ಬದಲು ಬೆರಳಿಗೆ ಅಂಟಿಸಿದ ಚಿನ್ನ ಬೆಳ್ಳಿಯ ಚೂರನ್ನು ತೆಗೆದು ಶಾಸ್ತ್ರ ಮುಗಿಸುವ ದಾರಿ ಕಂಡುಕೊಂಡವು ಕುಟುಂಬಗಳು. ಅವುಗಳನ್ನು ಕಥೆಯಿಂದ ಹೊರಗಿಟ್ಟು ಪುಣ್ಯವನ್ನೆಲ್ಲ ಒಂದು ರಾಜಾಜ್ಞೆಗೆ ಕೊಟ್ಟರೆ, ಆ ನೋವುಂಡ ತಾಯಂದಿರಿಗೆ ಮಾಡುವ ಎರಡನೆಯ ಅನ್ಯಾಯವಾಗುತ್ತದೆ.

ಇದರಿಂದ ಕೆಂಪೇಗೌಡರ ಹಿರಿಮೆ ಕುಂದುತ್ತದೆ ಎನ್ನುವವರಿದ್ದಾರೆ. ಕುಂದುವುದಿಲ್ಲ. ಕಸುಬಿಗೊಂದು ಪೇಟೆ ಹಾಕಿ ವ್ಯಾಪಾರಿಗಳನ್ನೂ ಕಾರೀಗರರನ್ನೂ ಒಂದೇ ಗೋಡೆಯೊಳಗೆ ಸೇರಿಸಿದ್ದು, ಊರಿಗೆ ಮೊದಲು ನೀರು ಎಂದು ಅರಿತದ್ದು ದೊಡ್ಡ ಆಡಳಿತಗಾರನ ಲಕ್ಷಣ. ಒಬ್ಬ ಆಡಳಿತಗಾರ ತಾನು ಯಾರನ್ನು ನಂಬಿದನೋ ಅವರಿಂದಲೇ ದೊಡ್ಡವನಾಗುತ್ತಾನೆ. ಅವರು ನಂಬಿದ್ದು ಅಕ್ಕಿಪೇಟೆಯ, ಅರಳೆಪೇಟೆಯ, ಕುಂಬಾರಪೇಟೆಯ, ಗಾಣಿಗರಪೇಟೆಯ ದುಡಿಯುವ ಜನರನ್ನು. ನಾವು ಆ ಜನರನ್ನು ಅಳಿಸಿ ಅವರನ್ನು ಒಂಟಿಯಾಗಿ ನಿಲ್ಲಿಸಿದ್ದೇವೆ.

ಈ ತಪ್ಪು ಪುಸ್ತಕದಲ್ಲೇ ಉಳಿದಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ಕೆರೆ ಪ್ರಭುವಿನ ದಾನವಾದರೆ ಅದರ ಕಾಳಜಿ ಸರ್ಕಾರದ ಪಾಲು, ಊರಿಗೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಆ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟೆವು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕಟ್ಟಿಸಿದವರ ಹೆಸರನ್ನು ಇಷ್ಟು ಭಕ್ತಿಯಿಂದ ಉಳಿಸಿಕೊಂಡು ಅವರು ಕಟ್ಟಿಸಿದ್ದನ್ನು ಕಳೆದುಕೊಂಡದ್ದು ಹೇಗೆ? ಕೆರೆಯನ್ನು ಬದುಕಿಸುತ್ತಿದ್ದ ವ್ಯವಸ್ಥೆಯನ್ನು ಚರಿತ್ರೆಯಿಂದ ತೆಗೆದುಹಾಕಿದ್ದರಿಂದ. ನೀರುಗಂಟಿಯನ್ನು ಮರೆತ ಊರು ಕೆರೆಯನ್ನು ಉಳಿಸಿಕೊಳ್ಳಲಾರದು. ಬೆಂಗಳೂರಿನಲ್ಲಿ ಆದದ್ದೇ ಈಗ ಹೆದ್ದಾರಿಯುದ್ದಕ್ಕೂ ಬಿಡದಿ, ರಾಮನಗರ, ಹಾರೋಹಳ್ಳಿಯ ಕಡೆಗೆ ಹೊರಳುತ್ತಿದೆ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಮುಂದಿನ ಜಯಂತಿಗೆ ಈ ತಾಲ್ಲೂಕುಗಳ ಪ್ರತಿ ಕಾಲೇಜೂ ಒಂದೊಂದು ಊರಿನ ಶಾಸನವನ್ನು ಪೂರ್ತಿ ಓದಲಿ, ಬಿರುದಿನ ಸಾಲುಗಳಾಚೆ, ಎಲ್ಲೆ ಮತ್ತು ಸುಂಕದ ಸಾಲುಗಳವರೆಗೆ. ಊರಿನ ಕೆರೆಯ ತೂಬು, ಕೋಡಿ, ಕಾಲುವೆಗಳ ನಕ್ಷೆ ಬರೆಯಲಿ. ಸರದಿಯ ನೆನಪಿರುವ ಹಿರಿಯರ ಮಾತನ್ನು ಅವರಿರುವಾಗಲೇ ದಾಖಲಿಸಲಿ. ಜಯಂತಿಗೆ ಸರ್ಕಾರ ಕೊಡುವ ಹಣದಲ್ಲಿ ಒಂದು ಪಾಲು ಇದಕ್ಕೆ ಮೀಸಲಾಗಲಿ. ಮಾಗಡಿಯ 90 ವರ್ಷಗಳ ಬಗ್ಗೆ, ಜಗದೇವರಾಯನ ಚನ್ನಪಟ್ಟಣದ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಯಲಿ, ಅದು ಕನ್ನಡದಲ್ಲೇ ಪುಸ್ತಕವಾಗಿ ಬರಲಿ. ಇವು ಆಗುವವರೆಗೆ ಪಾಳೆಯಗಾರರ ಕಾಲ ನಮಗೆ ಗೊತ್ತು ಎಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ಗೊತ್ತಿರುವುದು ಪಾಳೆಯಗಾರರ ಹೆಸರು ಮಾತ್ರ.